ಎರಡನೇ ಸಲ ಹೇಳುವುದು

ರ‍್ಯಾಪ್ ಅಂದರೆ ಬರೀ ಕಿರುಚಾಟ ಅನ್ನುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರಲ್ಲಿ ಮೇಷ್ಟ್ರುಗಳೇ ಹೆಚ್ಚು. ನಾನೂ ಮೇಷ್ಟ್ರೇ ಆದ್ದರಿಂದ ಈ ಮಾತು ಮೊದಲು ನನ್ನ ಜೊತೆಯವರಿಗೆ. ಆ ಕಿರುಚಾಟದೊಳಕ್ಕೆ ಒಂದು ಸಲ ಕಿವಿ ಇಟ್ಟು ನೋಡಿ. ಒಂದೇ ಬಾಯಿ ಎರಡು ಸಲ, ಮೂರು ಸಲ ಆಡಿದ ಮಾತು ಅಲ್ಲಿ ಒಂದರ ಮೇಲೊಂದು ಕೂತಿರುತ್ತದೆ. ಇದಕ್ಕೆ ‘ಡಬಲ್’ ಅಂತಾರೆ.

ದನಿಯ ಮೇಲೆ ದನಿ ಹೊದಿಸುವುದು ರ‍್ಯಾಪಿನವರು ಕಂಡುಹಿಡಿದದ್ದಲ್ಲ. ಅಮೆರಿಕದ ಲೆಸ್ ಪಾಲ್ 1951ರಲ್ಲೇ ಮೇರಿ ಫೋರ್ಡಳ ಒಬ್ಬಳ ದನಿಯನ್ನೇ ಪದರ ಪದರವಾಗಿ ಮುದ್ರಿಸಿ ಹೆಸರಾಗಿದ್ದ. ರ‍್ಯಾಪ್ ಬಂದ ದಾರಿ ಬೇರೆ. ಅದು ಬೀದಿಯಿಂದ ಬಂತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ, ಜಮೈಕಾದಿಂದ ವಲಸೆ ಬಂದ ಮನೆಯ ಕೂಲ್ ಹರ್ಕ್ ಎಂಬ 18ರ ಹುಡುಗ, ತನ್ನ ತಂಗಿ ಏರ್ಪಡಿಸಿದ್ದ ಕುಣಿತಕ್ಕೆ ಹಾಡು ಹಾಕಿದ. ಒಂದೇ ಹಾಡಿನ ಎರಡು ಗ್ರಾಮಫೋನ್ ಪ್ಲೇಟು ಇಟ್ಟುಕೊಂಡು ಕುಣಿತದ ತುಂಡನ್ನು ಮತ್ತೆ ಮತ್ತೆ ತಿರುಗಿಸುವುದು ಅವನ ವಿದ್ಯೆ. ಆ ತಾಳದ ಮೇಲೆ ಕಪ್ಪು ಜನರ ಮಕ್ಕಳು ಮಾತು ಕಟ್ಟುತ್ತಾ ಹೋದರು.

ಮಾತು ಒತ್ತೊತ್ತಾಗಿ ಬಂದರೆ ಉಸಿರು ಎಲ್ಲಿ ತೆಗೆಯಬೇಕು? ಜೊತೆಗಾರ ಬೇಕು. 1983ರಲ್ಲಿ ಹೆಸರಾದ ರನ್-ಡಿಎಂಸಿ ಗುಂಪಿನಲ್ಲಿ ಒಬ್ಬ ಶುರು ಮಾಡಿದ ಸಾಲಿನ ಕೊನೆಯ ಪದವನ್ನು ಇನ್ನೊಬ್ಬನೂ ಸೇರಿ ಗುದ್ದುತ್ತಿದ್ದ. ಪಬ್ಲಿಕ್ ಎನಿಮಿ ಗುಂಪಿನಲ್ಲಿ ಚಕ್ ಡಿ ಹೇಳಿದ್ದಕ್ಕೆ ಫ್ಲೇವರ್ ಫ್ಲೇವ್ ನಡುನಡುವೆ ಕೂಗಿ ಕಾವು ಕೊಡುತ್ತಿದ್ದ. ಸ್ಟುಡಿಯೋದ ಒಂಟಿ ಕೋಣೆಯಲ್ಲಿ ಜೊತೆಗಾರನಿಲ್ಲದಿದ್ದರೆ ತನಗೆ ತಾನೇ ಜೊತೆಗಾರನಾಗಬೇಕು. 1996ರಲ್ಲಿ, 25ನೇ ವಯಸ್ಸಿಗೇ ಗುಂಡೇಟಿಗೆ ಸತ್ತ ಟುಪಾಕ್ ಶಕುರ್ ಇದರಲ್ಲಿ ಪಳಗಿದವನು. ಅವನ ಹಾಡುಗಳಲ್ಲಿ ಅವನ ಬೆನ್ನಿಗೆ ಅವನೇ ನಿಂತಿರುತ್ತಾನೆ. ಕೇಳಿದವರಿಗೆ ಒಂದು ಗುಂಪೇ ಮಾತಾಡಿದ ಹಾಗೆ.

ಇದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿಲ್ಲದ್ದೇನಲ್ಲ. ಸೋಬಾನೆಯಲ್ಲಿ ಹೇಳಿಕೊಡೋಳು ಒಬ್ಬಳು, ಹಿಂದೆ ಎತ್ತಿಕೊಳ್ಳೋರು ನಾಲ್ಕು ಜನ. ಮುಂದಿನವಳ ಉಸಿರು ಕಟ್ಟಿದ ಕಡೆ ಹಿಂದಿನವರು ಹೊರುತ್ತಾರೆ. ನಮ್ಮವ್ವನ ದನಿ ಸಣ್ಣದು. ಆದರೂ ಚಪ್ಪರದಡಿ ಅದು ಸಣ್ಣದು ಅಂತ ಯಾರಿಗೂ ಅನ್ನಿಸಿದ್ದಿಲ್ಲ.

ನಮ್ಮಕ್ಕನ ಮಗ ಐಟಿಐ ಓದುತ್ತಾನೆ, ರ‍್ಯಾಪ್ ಕಟ್ಟುತ್ತಾನೆ. ಅವನಿಗೂ ಅಜ್ಜಿಯದೇ ದನಿ. ಟೌನಿನ ಒಂದು ಸ್ಟುಡಿಯೋದವರು ‘ದನಿ ಸಣ್ಣ, ಡಬಲ್ ಮಾಡ್ಕೊಡ್ತೀವಿ’ ಅಂತ ದುಡ್ಡು ಇಸಕೊಂಡರು. ‘ಹಕಾರ ಸರಿ ಮಾಡ್ಕೊಂಡು ಬಾ’ ಅಂತಲೂ ಅಂದು ಕಳಿಸಿದರು. ಮನೆಗೆ ಬಂದು ಕೇಳಿಸಿದ. ‘ಮಾವ, ನನ್ ಒಂದ್ ದನೀನೇ ಕಾಪಿ ಒಡ್ದು ಎಲ್ಡು ಮಾಡವ್ರೆ. ಗಟ್ಟಿ ಆಯ್ತೇ ಒರ್ತು ದಪ್ಪ ಆಗ್ಲಿಲ್ಲ’ ಅಂದ.

ಹುಡುಗ ಸರಿಯಾಗಿಯೇ ಹಿಡಿದಿದ್ದ. ಮುದ್ರಿಸಿದ ದನಿಯ ಮೇಲೆ ಅದರದೇ ನಕಲು ಇಟ್ಟರೆ ಅಲೆಯ ಮೇಲೆ ಅಲೆ ಕರಾರುವಾಕ್ಕಾಗಿ ಕೂತು 6 ಡೆಸಿಬಲ್ ಜೋರಾಗುತ್ತದೆ, ಅಷ್ಟೆ. ಎರಡನೇ ದನಿ ಹುಟ್ಟುವುದಿಲ್ಲ. ಅದು ಹುಟ್ಟಬೇಕಾದರೆ ಮನುಷ್ಯ ಇನ್ನೊಂದು ಸಲ ಹೇಳಬೇಕು. ಎರಡನೇ ಸಲ ಹೇಳಿದಾಗ ಒಂದು ಪದ ಕೂದಲೆಳೆಯಷ್ಟು ಮುಂದಾಗುತ್ತದೆ, ಇನ್ನೊಂದು ಹಿಂದಾಗುತ್ತದೆ, ಶ್ರುತಿ ಚೂರು ಏರುತ್ತದೆ, ಚೂರು ಇಳಿಯುತ್ತದೆ. ಆ ಚೂರು ವ್ಯತ್ಯಾಸವನ್ನೇ ನಮ್ಮ ಕಿವಿ ದಪ್ಪ ಅಂತ ತಿಳಿಯುತ್ತದೆ. ವ್ಯತ್ಯಾಸ ಹೆಚ್ಚಾದರೆ ಎರಡು ಜನ ಜಗಳಕ್ಕೆ ನಿಂತಂತೆ ಕೇಳುತ್ತದೆ. ಬೀಟಲ್ಸ್ ತಂಡದವರಿಗೆ ಎರಡೆರಡು ಸಲ ಹಾಡಿ ಬೇಸರ ಬಂದದ್ದಕ್ಕೇ 1966ರಲ್ಲಿ ಲಂಡನ್ನಿನ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಟೇಪಿನಲ್ಲೇ ಆ ತಡ, ಆ ಅಲುಗಾಟ ಹುಟ್ಟಿಸುವ ಉಪಾಯ ಮಾಡಿದ. ಯಂತ್ರ ಕೂಡ ಮನುಷ್ಯನ ತಪ್ಪಡಿಯನ್ನು ಕಲಿಯಬೇಕಾಯಿತು.

ಹುಡುಗ ಮನೆಯಲ್ಲೇ ಗೋಡೆಗೆ ಕಂಬಳಿ ಇಳಿಬಿಟ್ಟು ಮೊಬೈಲಿನಲ್ಲಿ ಮುದ್ರಿಸಿದ. ಎರಡು ದನಿ ಕೂಡಲಿಲ್ಲ. ಒಂದೇ ಪದದ ಹತ್ತಿರ ಪ್ರತಿ ಸಲವೂ ಸೀಳು. ಹೆಡ್‌ಫೋನ್ ಹಾಕಿ ಕೇಳಿದೆ. ಮೊದಲ ಸಲ ಸ್ಟುಡಿಯೋದವರ ಮಾತಿನ ಭಯಕ್ಕೆ ‘ಹಟ್ಟಿ’ ಅಂದಿದ್ದ. ಎರಡನೇ ಸಲ ವೇಗ ಹತ್ತಿತ್ತು, ನಾಲಗೆ ಮನೆಗೆ ಹೊರಟಿತ್ತು, ‘ಅಟ್ಟಿ’ ಅಂದಿದ್ದ. ‘ಹ’ ಅನ್ನಲು ಉಸಿರು ಹೊರಡುವಷ್ಟರಲ್ಲಿ ‘ಅ’ ಆಗಲೇ ತಾಳದ ಮೇಲೆ ಕೂತಿತ್ತು.

‘ಯಾವ್ದು ಇಡ್ಲಿ ಮಾವ?’

ಇದೇ ‘ಹ’ಕ್ಕೆ ಅಂಗೈ ಕೆಂಪಾಗುವಂತೆ ಬೆತ್ತದ ಏಟು ತಿಂದವನು ನಾನು. ಇವತ್ತು ಅದನ್ನೇ ಮಕ್ಕಳ ಕೈಲಿ ಬರೆಸುವ ಕೆಲಸಕ್ಕೆ ಸಂಬಳ ಎಣಿಸುವವನು. ಉತ್ತರ ಕೊಡಲಿಲ್ಲ. ಅವನೇ ಸ್ವಲ್ಪ ಹೊತ್ತು ತುಟಿ ಆಡಿಸಿ, ‘ಇದು ಅವ್ವನ್ ಪದ್ಯ ಕನ ಮಾವ, ಅವ್ವ ಅನ್ನಂಗೇ ಅಂತೀನಿ’ ಅಂದ. ಎರಡು ಸಲವೂ ‘ಅಟ್ಟಿ’. ಮೊದಲ ದನಿ ನಡುವೆ ನಿಂತಿತು. ಎರಡನೆಯದನ್ನು ತಗ್ಗಿಸಿ ಸಾಲಿನ ಕೊನೆಯ ಪದಗಳಿಗೆ ಮಾತ್ರ ಹೊದಿಸಿದ. ಉಸಿರು ಬಿಟ್ಟ ಸಂದಿನಲ್ಲಿ ನಮ್ಮಕ್ಕನನ್ನು ಕೂರಿಸಿ ‘ಊಂ ಕನ’ ಅನ್ನಿಸಿದ. ಸೀಳು ಮುಚ್ಚಿತು. ಸಣ್ಣ ದನಿ ಸಣ್ಣದಾಗಿ ಉಳಿಯಲಿಲ್ಲ.

ಜೊತೆಯ ಮೇಷ್ಟ್ರುಗಳೇ, ನಿಮ್ಮ ಕ್ಲಾಸಿನಲ್ಲೂ ಇಂಥವನು ಒಬ್ಬ ಇರುತ್ತಾನೆ, ಇಂಥವಳು ಒಬ್ಬಳು ಇರುತ್ತಾಳೆ. ಪರೀಕ್ಷೆಗೆ ‘ಹ’ ಬೇಕು, ಕಲಿಸೋಣ. ಹಾಡು ಕಟ್ಟಿ ತಂದಾಗ ಮಾತ್ರ ತಿದ್ದಲು ಹೋಗಬೇಡಿ. ಇನ್ನೊಂದು ಸಲ ಹೇಳು ಅನ್ನಿ. ಯಾರ ಭಯವೂ ಇಲ್ಲದೆ ಎರಡು ಸಲವೂ ಒಂದೇ ಥರ ಬಂತಲ್ಲ, ಅದು ಆ ಮಗುವಿನ ಮಾತು. ಅದರ ಮೇಲೆ ಎಷ್ಟು ದನಿ ಬೇಕಾದರೂ ಕೂರುತ್ತದೆ.