ಎಲೆಯೊಳಗೆ ಮಡಚಿದ ಮದ್ದು

ಸವಣೂರಿನ ಎಲೆ ಅಂದರೆ ನಮ್ಮಜ್ಜಿಗೆ ಜೀವ. ಹಾನಗಲ್ಲಿನಿಂದ ಯಾರು ಆ ಕಡೆ ಹೊರಟರೂ ಒಂದು ಕಟ್ಟು ಎಲೆ ತರಲೇಬೇಕು. ಚಿಕ್ಕವನಿದ್ದಾಗ ನಾನೊಮ್ಮೆ ಬರೀ ಸುಣ್ಣ ನೆಕ್ಕಿ ನಾಲಿಗೆ ಸುಟ್ಟುಕೊಂಡೆ. “ಸುಣ್ಣ ಹಂಗ ಬಾಯಿಗೆ ಹಾಕ್ಕೋಬಾರ್ದೋ ತಮ್ಮಾ, ಎಲಿಯೊಳಗ ಮಡಚಿ ಹಾಕ್ಕೋಬೇಕು” ಅಂದಳು. ಆ ಮಾತು ಇರಲಿ, ಮತ್ತೆ ಬೇಕಾಗುತ್ತದೆ.

ಎಲೆ ತಿನ್ನುವ ಬಾಯಾದರೂ ಹಲ್ಲಿನ ವಿಷಯದಲ್ಲಿ ಅಜ್ಜಿ ಬಲು ಕಟ್ಟುನಿಟ್ಟು. ಉಪ್ಪುನೀರು ಮುಕ್ಕಳಿಸಿದರೆ ಸಾಲದು, ಬೇವಿನ ಕಡ್ಡಿಯಿಂದ ತಿಕ್ಕಲೇಬೇಕು. ಆ ಹಠದಲ್ಲಿ ಎಷ್ಟು ತಿಳಿವಳಿಕೆ ಇತ್ತೆಂಬುದು ಲೇವನ್‌ಹುಕ್‌ನ ಬಗ್ಗೆ ಓದಿದಾಗ ಹೊಳೆಯಿತು. ಹಾಲೆಂಡಿನ ಡೆಲ್ಫ್ಟ್ ಊರಿನ ಈ ಬಟ್ಟೆ ವ್ಯಾಪಾರಿ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ತನ್ನ ಹಲ್ಲಿನ ಪಾಚಿ ನೋಡಿ, ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡ. ವಿನೆಗರ್‌ನಿಂದ ಬಾಯಿ ತೊಳೆದರೆ ಪಾಚಿಯ ಹೊರಮೈಯವು ಮಾತ್ರ ಸಾಯುತ್ತವೆ, ಒಳಕ್ಕೆ ಅದು ಇಳಿಯುವುದೇ ಇಲ್ಲ ಎಂದು ಬರೆದ.

ಹಲ್ಲಿಗೆ ಪಾಚಿ, ಕೆರೆಯ ಕಲ್ಲಿಗೆ ಹಾವಸೆ. ಹಿರೇಕೆರೂರಿನ ಅತ್ತೆಯ ಮನೆಯ ನೀರಿನ ತೊಟ್ಟಿಯ ಒಳಗೋಡೆ ಮುಟ್ಟಿದರೆ ಜಾರುತ್ತಿತ್ತಲ್ಲ, ಅದೂ ಇದೇ ಬಳಗ. ಬ್ಯಾಕ್ಟೀರಿಯಗಳು ಒಂದು ಮೈಗೆ ಅಂಟಿಕೊಂಡು, ಸಕ್ಕರೆ, ಪ್ರೋಟೀನು, ಡಿಎನ್‌ಎ ಕೂಡಿದ ಲೋಳೆ ಸುರಿಸಿ, ಅದರೊಳಗೆ ಊರು ಕಟ್ಟಿಕೊಳ್ಳುತ್ತವೆ. ಇದೇ ಬಯೋಫಿಲ್ಮ್. ತಳದಲ್ಲಿ ಆಹಾರ ಕಡಿಮೆ, ಆಮ್ಲಜನಕ ಕಡಿಮೆ. ಅಲ್ಲಿಯವು ಬೆಳೆಯುವುದನ್ನೇ ಬಿಟ್ಟು ಮಲಗಿಬಿಡುತ್ತವೆ. ಆ್ಯಂಟಿಬಯಾಟಿಕ್‌ಗಳಲ್ಲಿ ಹೆಚ್ಚಿನವು ಹೊಡೆಯುವುದು ಬೆಳೆಯುತ್ತಿರುವವನ್ನು. ಬಿಡಿಯಾಗಿ ತೇಲುವ ಬ್ಯಾಕ್ಟೀರಿಯವನ್ನು ಕೊಲ್ಲುವ ಔಷಧದ 1000 ಪಟ್ಟು ಸುರಿದರೂ ಇವು ಉಳಿದಾವು.

ಶಿಗ್ಗಾಂವಿಯ ನಮ್ಮ ಸೋದರಮಾವನ ಕಾಲಿಗೆ ಸಕ್ಕರೆ ಕಾಯಿಲೆಯ ಹುಣ್ಣಾಗಿತ್ತು. ಗುಳಿಗೆಗೆ ಬಗ್ಗದೆ ತಿಂಗಳುಗಟ್ಟಲೆ ಉಳಿಯಿತು. ಆಸ್ಪತ್ರೆಯ ಡ್ರೆಸಿಂಗ್ ಕೋಣೆಯಲ್ಲಿ ನರ್ಸಮ್ಮ ಲೋಳೆ ಕೆರೆದು ತೆಗೆದು ಪಟ್ಟಿ ಕಟ್ಟುವಾಗ ಮಾಮಾ ಮಂಚದ ಕಂಬಿ ಗಟ್ಟಿಯಾಗಿ ಹಿಡಿದಿರುತ್ತಿದ್ದ. ಅಜ್ಜಿಯ ಬೇವಿನ ಕಡ್ಡಿಯ ಕೆಲಸವೇ ಅದು. ಆದರೆ ಹಸಿ ಗಾಯದ ಮೇಲೆ.

ಈಗ ಎಲೆಯ ಮಾತಿಗೆ ಬರೋಣ. ಅಮಿಕಾಸಿನ್ ಎಂಬ ಔಷಧಕ್ಕೆ ಧನ ವಿದ್ಯುದಂಶ, ಲೋಳೆಗೆ ಹೆಚ್ಚಾಗಿ ಋಣ. ಹಾಗಾಗಿ ಔಷಧ ಬಾಗಿಲಲ್ಲೇ ಅಂಟಿ ನಿಲ್ಲುತ್ತದೆ. ಅದನ್ನೇ, ಎಲೆಯೊಳಗೆ ಸುಣ್ಣ ಮಡಚಿದ ಹಾಗೆ, ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ, ಅಂದರೆ ಲೈಪೋಸೋಮಿನಲ್ಲಿ ಮುಚ್ಚಿಟ್ಟರೆ ಆ ಸೆಳೆತ ತಪ್ಪಿ ಒಳಕ್ಕೆ ನುಸುಳುತ್ತದೆ. ಸುಮಾರು 300 ನ್ಯಾನೋಮೀಟರಿನ ಗುಳ್ಳೆ. ಸಾಲಾಗಿಟ್ಟರೆ ಒಂದು ಮಿಲಿಮೀಟರಿನಲ್ಲಿ ಮೂರು ಸಾವಿರ ಕೂತಾವು. ಕ್ಷಯದ ರೋಗಾಣುವಿನ ಬಳಗದ ಒಂದು ಹಟಮಾರಿ ಶ್ವಾಸಕೋಶದ ಸೋಂಕಿಗೆ, ಉಸಿರಲ್ಲಿ ಎಳೆದುಕೊಳ್ಳುವ ಈ ಔಷಧಕ್ಕೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ ನನಗೆ ಇನ್ನೂ ಹತ್ತಿರದ್ದು. ದೀಪಶಿಖಾ ಚಕ್ರವರ್ತಿಯವರ ತಂಡ 2013ರಲ್ಲಿ ಕೈಟೋಸಾನಿನ ನ್ಯಾನೋ ಕೋಶದೊಳಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ತುಂಬಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯದ ಬೆನ್ನು ಹತ್ತಿತು. ಕೈಟೋಸಾನ್ ತಯಾರಾಗುವುದು ಸಿಗಡಿ, ಏಡಿಗಳ ಚಿಪ್ಪಿನಿಂದ. ಅಲ್ಲಿ ಶತ್ರು ಅಡಗಿದ್ದು ಲೋಳೆಯಲ್ಲಲ್ಲ, ಜೀವಕೋಶದೊಳಗೆ. ಲೋಳೆಗೆ ಅವರು 2015ರಲ್ಲಿ ಬೇರೆ ದಾರಿ ತೋರಿಸಿದರು: ಆಘಾತ ತರಂಗದಿಂದ ಅದನ್ನು ಒಡೆದು, ಆಮೇಲೆ ಔಷಧ ಕೊಡುವುದು. ಇಲಿಗಳಲ್ಲಿ ಅದು ಫಲಿಸಿತು.

ಮಾಮಾನ ಹುಣ್ಣು ಕೊನೆಗೆ ಮಾಯಿತು, ಕೆರೆದು ಕೆರೆದೇ. ಆ ಡ್ರೆಸಿಂಗ್ ಕೋಣೆಯ ಹೊರಗೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತವರು ಈಗಲೂ ಇದ್ದಾರೆ. ಎಲೆಯೊಳಗೆ ಮಡಚಿದ ಮದ್ದು ಬಂದರೆ ಮೊದಲು ಆ ಬಾಗಿಲಿಗೇ ಬರಲಿ.