ಸೋರದ ಗುಡ್ಲು

ಪಟ್ಟಣದ ಜನಕ್ಕೆ ಈಗ ಗುಡಿಸಲಿನ ಮೇಲೆ ಪ್ರೀತಿ ಹುಟ್ಟಿದೆ. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ರೆಸಾರ್ಟುಗಳು. ಒಳಗೆ ಮರದ ದಿಮ್ಮಿಯ ಮನೆ, ಹುಲ್ಲಿನ ಸೂರು, ತೂಗುಬಿಟ್ಟ ಲಾಂದ್ರ. ರಾತ್ರಿಯೊಂದಕ್ಕೆ ಸಾವಿರಗಟ್ಟಲೆ ಬಾಡಿಗೆ. ಸರಳ ಬದುಕಿಗೆ ಮರಳಿ ಬನ್ನಿ ಅಂತ ಕರೀತಾರೆ.

ನಾವು ಎಲ್ಲಿಗೆ ಮರಳೋದು ಸ್ವಾಮಿ? ಅಲ್ಲಿಂದ ಹೊರಟು ಬಂದದ್ದೇ ಇನ್ನೂ ಮುಗಿದಿಲ್ಲ. ವೃಷಭಾವತಿಯ ದಂಡೆಯ ಮೇಲೆ ಬಿದಿರ ಗಳ, ತೆಂಗಿನ ಗರಿ, ಮೇಲೊಂದು ಹರಕು ಟಾರ್ಪಾಲು. ನಾನು ಹುಟ್ಟಿದ ಮನೆ ಅದು. ಬೆಂಗಳೂರಿನ ಕೊಳಚೆ ಹೊತ್ತು ಕೆಂಗೇರಿ ಕಡೆ ಹರಿಯುವ ಆ ನದಿ, ಜೋರು ಮಳೆ ಹಿಡಿದರೆ ನೆಂಟರ ಹಾಗೆ ಒಳಗೇ ಬರುತ್ತಿತ್ತು. ಅವ್ವ ಅಕ್ಕಿ ಡಬ್ಬವನ್ನೂ ನನ್ನ ಪುಸ್ತಕದ ಚೀಲವನ್ನೂ ತಲೆ ಮೇಲಿಟ್ಟುಕೊಂಡು ಬೆಳಗಿನ ತನಕ ನಿಂತಿರುತ್ತಿದ್ದಳು. ಮೊನ್ನೆ ಅವಳಿಗೆ ದಿಮ್ಮಿ ಮನೆಯ ಚಿತ್ರ ತೋರಿಸಿದೆ.

“ಮಳೆಗೆ ಸೋರ್ತದಾ?”

“ಇಲ್ಲ ಕಣವ್ವ.”

“ಹಂಗಾದ್ರೆ ಅದು ಗುಡ್ಲಲ್ಲ ಬುಡು.”

ಈ ದಿಮ್ಮಿ ಮನೆಯ ಮೋಹ ಅಮೆರಿಕದಿಂದ ಬಂದದ್ದು. ಅಲ್ಲಿನ ಥೋರೊ 1845ರಲ್ಲಿ ವಾಲ್ಡನ್ ಕೊಳದ ಬಳಿ ಸ್ವಂತ ಕೈಯಿಂದ ಮರದ ಮನೆ ಕಟ್ಟಿಕೊಂಡು ಎರಡು ವರ್ಷ ಚಿಲ್ಲರೆ ಬಾಳಿದ. ಸರಳ ಬದುಕಿನ ಗುರು ಅಂತ ಜಗತ್ತು ಅವನನ್ನು ಕೊಂಡಾಡಿತು. ಜಾಗ ಗೆಳೆಯ ಎಮರ್ಸನ್‌ನದು. ಹಲಗೆ ಯಾರದು? ರೈಲು ಹಾದಿಯಲ್ಲಿ ದುಡಿಯುತ್ತಿದ್ದ ಐರಿಷ್ ಕೂಲಿಯೊಬ್ಬನ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು, ಬಿಚ್ಚಿ ತಂದದ್ದು. ಆ ಸಂಸಾರ ಇದ್ದಬದ್ದದ್ದನ್ನೆಲ್ಲ ಒಂದು ಗಂಟು ಕಟ್ಟಿ ಬೆಳಗ್ಗೆ ಆರಕ್ಕೇ ದಾರಿ ಹಿಡಿಯಿತು. ಇದನ್ನು ಥೋರೊನೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಅವರು ಎಲ್ಲಿಗೆ ಹೋದರು ಅನ್ನೋದನ್ನು ಮಾತ್ರ ಬರೆದಿಲ್ಲ.

ಅದೇ ದೇಶದಲ್ಲಿ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್ ಕೂಡ ದಿಮ್ಮಿ ಮನೆಯ ಮಗನೇ. 1901ರಲ್ಲಿ ಬಂದ ಆತ್ಮಕಥೆಯಲ್ಲಿ ಅದರ ಅಳತೆ ಕೊಡುತ್ತಾನೆ: ಸುಮಾರು 14 ಅಡಿಗೆ 16 ಅಡಿ, ಗಾಜಿಲ್ಲದ ಕಿಂಡಿ, ಬರೀ ಮಣ್ಣಿನ ನೆಲ. ಧಣಿಯ ತೋಟದ ಅಡಿಗೆಯೆಲ್ಲ ಬೇಯುತ್ತಿದ್ದದ್ದೂ ಅಲ್ಲೇ. ಥೋರೊಗೆ ಶಾಂತಿ ಕಂಡ ಕಡೆ ಇವನಿಗೆ ಚಳಿ ಕಂಡಿತು. ಮರ ಇಬ್ಬರಿಗೂ ಒಂದೇ. ಸಾಕೆನಿಸಿದಾಗ ಎದ್ದು ಹೋಗಲು ಒಬ್ಬನಿಗೆ ಬೇರೆ ಮನೆಯಿತ್ತು, ಇನ್ನೊಬ್ಬನಿಗೆ ಇರಲಿಲ್ಲ.

ನಮ್ಮ ಕಥೆಯೂ ಇದೇ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆಗಳಿಗೆ ಗಾರೆ ಹೊತ್ತವರು ರಾತ್ರಿ ಮಲಗಿದ್ದು ಗುಡಿಸಲಲ್ಲಿ. ಆ ಗುಡಿಸಲಿಗೆ 1973ರ ಕಾಯ್ದೆ ಇಟ್ಟ ಹೆಸರು ಕೊಳಚೆ ಪ್ರದೇಶ. ಅದರ ಪಕ್ಕದಲ್ಲೇ ಇನ್ನೊಂದು ಮಾತು, ನಿರ್ಮೂಲನ. ಬಡವ ಕಟ್ಟಿದರೆ ಕೊಳಚೆ, ಉಳ್ಳವನು ಬಾಡಿಗೆಗೆ ಹಿಡಿದರೆ ನಿಸರ್ಗ!

ಸರಳವಾಗಿ ಬದುಕೋದು ಒಳ್ಳೇದೇ, ಗೆಳೆಯರೇ. ಅದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಮೊದಲು ಸೋರದ ಸೂರು ಕೊಡಲಿ, ಅವ್ವನ ಹೆಸರಿಗೆ ಹಕ್ಕುಪತ್ರ ಕೊಡಲಿ. ಮೇಲೆ ಹುಲ್ಲು ಹೊದಿಸಬೇಕೋ ತಾರಸಿ ಹಾಕಬೇಕೋ, ಅವಳೇ ತೀರ್ಮಾನ ಮಾಡ್ತಾಳೆ.