ಅಜ್ಜನ ಪದ್ಮಿನಿ, ಭಾಗ 6: ತುಕ್ಕಿನ ಮ್ಯಾಲ ಬಣ್ಣ

ಮೊದಲನೇ ಫೋಟೋದಾಗ ಕಾಣೋ ತೂತು ನನ್ನ ಅಂಗೈಯಷ್ಟು ಐತಿ. ಬಾಗಿಲ ಕೆಳಗಿನ ಉದ್ದನೆಯ ಟೊಳ್ಳು ಪೆಟ್ಟಿಗೆ ಅದು, ಗ್ಯಾರೇಜಿನವರು ಸಿಲ್ ಅಂತಾರ. ಹಿಂಗಾಗಿದ್ದು ನನ್ನಿಂದ. ಐದು ಭಾಗ ಗಾಡಿ ಹೊಗಳಿ ಬರೆದೆ, ಇವತ್ತು ಇದನ್ನೂ ಬರೀಬೇಕು.

ಕ್ಲಾಸಿನವರಿಗೆ ನೆನಪಿರಬೇಕು. ಹೋದ ವರ್ಷ ಪರೀಕ್ಷೆ ಮುಗಿದ ಮ್ಯಾಲ ನಾವು ನಾಲ್ಕು ಮಂದಿ ಅಜ್ಜನ 1986ರ ಪ್ರೀಮಿಯರ್ ಪದ್ಮಿನಿ ತಗೊಂಡು, ವಿದ್ಯಾನಗರದಿಂದ ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು ಗೋಕರ್ಣಕ್ಕ ಹೋಗಿದ್ವಿ. ರೀಲ್ಸ್ ಸಲುವಾಗಿ ಹಸಿ ಉಸುಕಿನ ಮ್ಯಾಲ ಗಾಡಿ ಓಡಿಸಿದೆ. ತೆರೆ ಬಂದು ಚಕ್ರಕ್ಕ ಬಡೀತು. ಆ ವಿಡಿಯೋಕ್ಕ ನೀವೆಲ್ಲ ಲೈಕ್ ಒತ್ತಿದ್ರಿ.

ತಿರುಗಿ ಬಂದಾಗ ಅಜ್ಜ ಒಂದೇ ಮಾತು ಅಂದ: "ತಳಕ್ಕ ಸಿಹಿ ನೀರು ಹೊಡಿ ತಮ್ಮಾ. ಉಪ್ಪು ಕುಂದರಬಾರದು."

ನಳ ಬಂದಿರಲಿಲ್ಲ. ಮನೆ ಬೋರಿನ ನೀರು ಸವಳು. ನಾಳೆ ಅಂತ ಬಿಟ್ಟೆ, ಆ ನಾಳೆ ಬರಲೇ ಇಲ್ಲ. ಮುಂದ ಕಂದು ಕಲೆ ಕಂಡಾಗ ಅಜ್ಜ ಸರಿಯಾಗಿ ಮಾಡಿಸು ಅಂತ 6,000 ರೂಪಾಯಿ ಕೊಟ್ಟ. ನಾನು ತುಕ್ಕು ಕೆರೆಸದೇ 2,500ಕ್ಕ ಕರಿ ಕೋಟಿಂಗ್ ಹೊಡಿಸಿದೆ. ಉಳಿದದ್ದು ನನ್ನ ಬೂಟಿಗೆ ಹೋತು. ತಳ ಮಾತ್ರ ಹೊಸದರಂಗ ಕಾಣ್ತಿತ್ತು.

ಅಜ್ಜಗ ಈಗ ಕಣ್ಣು ಮಂಜು. ಹೋದ ವಾರ ಸ್ಟೂಲ್ ಹಾಕ್ಕೊಂಡು ಗಾಡಿ ಬಾಜೂಕ ಕುಂತು, ಸ್ಕ್ರೂಡ್ರೈವರ್ ಹಿಡಿಕೆಯಿಂದ ಸಿಲ್ ಬಡೀತಾ ಬಂದ. ಟಣ್. ಟಣ್. ಟಣ್. ಆಮ್ಯಾಲ, ಧಪ್.

"ಇಲ್ಲಿ ಬಣ್ಣ ಐತಿ, ಕಬ್ಬಿಣ ಇಲ್ಲ."

ಅಷ್ಟೇ ಅಂದ. ರೊಕ್ಕದ ವಿಷಯ ಕೇಳಲಿಲ್ಲ.

ಹಳೇ ಜೀಪಿಗೆ ಬೇರೆ ಚಾಸಿ ಇರತೈತಿ. ಪದ್ಮಿನಿಗೆ ಇಲ್ಲ. ಇಟಲಿಯ ಫಿಯಾಟ್ 1100ರ ಮಾದರಿ ಇದು. ತಳ, ಸಿಲ್, ಕಂಬ ಎಲ್ಲ ಕೂಡಿಸಿ ಬೆಸೆದ ಬಾಡಿನೇ ಎಲುಬು. ಸಿಲ್ ಸತ್ತರ ಗಾಡಿಯ ಬಲಾನೇ ಹೋಗತೈತಿ. ಹಿಮ ಬೀಳೋ ದೇಶಗಳಾಗ ರಸ್ತೆಗೆ ಉಪ್ಪು ಸುರೀತಾರ, ಅಲ್ಲಿ ಹಳೇ ಕಾರುಗಳು ತಳದಿಂದಲೇ ಸಾಯತಾವ. ನಮಗ ಹಿಮ ಇಲ್ಲ, ಸಮುದ್ರ ಐತಿ. ಉಪ್ಪು ಗಾಳಿಯ ತೇವ ಎಳಕೊಂಡು ಕಬ್ಬಿಣಕ್ಕ ಹಿಡಿದಿಡತೈತಿ, ತುಕ್ಕು ಜೋರಾಗತೈತಿ. ಅದರ ಮ್ಯಾಲ ಕೋಟಿಂಗ್ ಹೊಡೆದು ನಾನು ಉಪ್ಪು, ತೇವ ಎರಡನ್ನೂ ಒಳಗ ಕೂಡಿಹಾಕಿದ್ದೆ.

ಹಳೇ ಹುಬ್ಬಳ್ಳಿಯ ವೆಲ್ಡಿಂಗ್ ಮೇಸ್ತ್ರಿ ಹೇಳಿದ ಕ್ರಮ ಇದು:

1. ಸಿಹಿ ನೀರಿನಿಂದ ತಳ ತೊಳಿ, ಪೂರ್ತಿ ಒಣಗಿಸು.
2. ವೈರ್ ಬ್ರಷ್‌ನಿಂದ ಹೊಳೆಯೋ ಕಬ್ಬಿಣ ಕಾಣೋತನಕ ಕೆರಿ.
3. ಸತ್ತ ತಗಡು ಕತ್ತರಿಸಿ ಹೊಸಾದು ಬೆಸಿ. ಸತ್ತದ್ದರ ಮ್ಯಾಲ ತ್ಯಾಪಿ ಹಾಕಬ್ಯಾಡ.
4. ಮೊದಲು ಪ್ರೈಮರ್, ಆಮ್ಯಾಲ ಕೋಟಿಂಗ್.
5. ಸಿಲ್ ಒಳಗ ಮೇಣದಂಥ ಸ್ಪ್ರೇ ಹೊಡಿ. ನೀರು ಇಳಿಯೋ ಸಣ್ಣ ತೂತು ಮುಚ್ಚಬ್ಯಾಡ.

ಆಡಿಟಿಂಗ್ ಪೇಪರಿನಾಗ ವಿಂಡೋ ಡ್ರೆಸ್ಸಿಂಗ್ ಅಂತ ಓದಿ ಮಾರ್ಕ್ಸ್ ತಗೊಂಡೆ: ಲೆಕ್ಕ ಸರಿ ಇಲ್ಲದಿದ್ದರೂ ಬ್ಯಾಲೆನ್ಸ್ ಶೀಟ್ ಚಂದ ತೋರಿಸೋದು. ಮನ್ಯಾಗ ಅದನ್ನೇ ಮಾಡಿದ್ದೆ, ನನ್ನನ್ನ ನಂಬಿದ ಮನುಷ್ಯಾಗ.

ಮರುದಿನ ಸ್ಟೂಲ್ ಬಾಜೂಕ ಕುಂತು ಎಲ್ಲಾ ಹೇಳಿದೆ, 3,500ರ ಲೆಕ್ಕಾನೂ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಬೂಟು ಚೊಲೋ ಅವನು?"

"ಅದಾವ ಅಜ್ಜಾ."

"ಹಂಗಾರ ಅವನ್ನ ಹಾಕ್ಕೊಂಡು ಗ್ಯಾರೇಜಿಗೆ ನಡಕೋಂತ ಹೋಗು. ಗಾಡಿ ರೆಡಿ ಆಗೋತನಕ."

ದಿನಾ ನಡೀತಿದೀನಿ. ಸಂಜೆ ಅಂಗಡಿಯೊಂದರಾಗ ಲೆಕ್ಕ ಬರೆದು ವೆಲ್ಡಿಂಗ್ ರೊಕ್ಕ ಕೂಡಿಸ್ತಿದೀನಿ.

ನೀವು ಬೀಚಿಗೆ ಹೋದ್ರ, ಬೈಕ್ ಇರಲಿ ಕಾರ್ ಇರಲಿ, ಬಂದ ದಿನಾನೇ ತಳ ತೊಳೀರಿ. ನಾಳೆ ಅನಬ್ಯಾಡ್ರಿ.

ಭಾಗ 7ರಾಗ ಹೊಸ ಸಿಲ್. ಅಜ್ಜ ಬಡಿದು ಟಣ್ ಅಂದ್ರಷ್ಟೇ ಪೋಸ್ಟ್ ಮಾಡ್ತೀನಿ.

#ಅಜ್ಜನಪದ್ಮಿನಿ #ವಿದ್ಯಾನಗರ #ಹುಬ್ಬಳ್ಳಿ